ಆರನೆಯ ಬಾಗಿಲು

ಆಡುವವರ ಕೈ ನೋಡಿ ಅವರಿಗೆ ತಕ್ಕ ಕಥೆ ಬರೆಯುವ ಪೆಟ್ಟಿಗೆಯೊಂದಿದ್ದರೆ ಹೇಗೆ? ಈ ಪ್ರಶ್ನೆ ಇಂದುಮತಿ ಹೊಸಕೇರಿಯ ತಲೆಯನ್ನು ಹೊಕ್ಕು ಒಂಬತ್ತು ವರ್ಷವಾಗಿತ್ತು. ಅದಕ್ಕೆ ಉತ್ತರವಾಗಿ ಹುಟ್ಟಿದ ಪೆಟ್ಟಿಗೆ ಈಗ ಧಾರವಾಡದ ಸಪ್ತಾಪುರದಲ್ಲಿ, ಅವಳ ಗೆಳೆಯ ಮುರಿಗೆಪ್ಪನ ಪಡಸಾಲೆಯಲ್ಲಿ, ಚಾಪೆಯ ನಡುವೆ ಕುಳಿತಿತ್ತು. ಪಕ್ಕದಲ್ಲಿ ಮಿರ್ಚಿ ಭಜಿಯ ತಾಟು.

"ಮೊದಲ ಎಲ್ಲಾರೂ ಕೈ ತೊಳಕೊಂಡು ಬರ್ರಿ," ಎಂದಳು ಇಂದುಮತಿ. "ಎಣ್ಣಿಗೈಲೆ ದಾಳ ಮುಟ್ಟಿದ್ರ ನನ್ನ ಒಂಬತ್ತು ವರ್ಷದ ದುಡಿಮಿ ನೀರಾಗ ಹೋಗ್ತದ."

"ಏ, ನಮ್ಮನ್ನ ಆಟಕ್ಕ ಕರದೀಯೋ, ಆಪರೇಶನ್ ಮಾಡಾಕ ಕರದೀಯೋ?" ಎಂದ ದಸ್ತಗೀರ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರ. ಹುಡುಗರನ್ನು ಬೈಯುವ ದನಿಯಲ್ಲೇ ಗೆಳೆಯರ ಹತ್ತಿರವೂ ಮಾತಾಡುತ್ತಿದ್ದ. ಆದರೆ ಎಲ್ಲರಿಗಿಂತ ಮೊದಲು ಕೈ ತೊಳೆಯಲು ಎದ್ದವನೂ ಅವನೇ.

ಮುರಿಗೆಪ್ಪ, ದಸ್ತಗೀರ, ಇಂದುಮತಿ ಐದನೆಯ ಇಯತ್ತೆಯಿಂದ ಒಂದೇ ಬೆಂಚಿನವರು. ಮುರಿಗೆಪ್ಪನ ಹೆಂಡತಿ ಸುವರ್ಣಾ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಇಪ್ಪತ್ತೈದು ವರ್ಷದ ಹಿಂದೆ ಈ ಮನೆಗೆ ಬಂದವಳು, ಈಗ ಆ ಬೆಂಚಿನ ನಾಲ್ಕನೆಯವಳೇ ಆಗಿಬಿಟ್ಟಿದ್ದಳು. ನಾಲ್ವರ ವಯಸ್ಸು ಕೂಡಿಸಿದರೆ ಇನ್ನೂರು ದಾಟುತ್ತಿತ್ತು. ಇಂಥವರು ಚಾಪೆ ಹಾಸಿ ಆಟಕ್ಕೆ ಕೂತದ್ದು ನೋಡಿ ಓಣಿಯ ಮಕ್ಕಳು ಕಿಟಕಿಯಲ್ಲಿ ಇಣುಕಿ ನಕ್ಕು ಹೋಗಿದ್ದರು.

ಆಟದ ಹೆಸರು 'ಇಪ್ಪತ್ತು ಬಾಗಿಲ ಕೋಟೆ'. ಒಂದೇ ದಿನಕ್ಕೆ ಮುಗಿಯುವಂಥದ್ದಲ್ಲ. ಭಾನುವಾರಕ್ಕೊಂದು ಬಾಗಿಲಿನಂತೆ ಇಪ್ಪತ್ತು ವಾರ ಅದೇ ಜನ ಕೂಡಿ ಆಡಬೇಕು. ಒಳಗೆ ಹೋದವರಿಗೆ ಆದ ಗಾಯ ಮುಂದಿನ ವಾರವೂ ಗಾಯವೇ, ಸತ್ತ ಪಾತ್ರ ಸತ್ತಂತೆಯೇ. ಪೆಟ್ಟಿಗೆಯ ಮುಚ್ಚಳದ ಒಳಗಿನ ತೆಳ್ಳನೆಯ ಹಲಗೆಯಲ್ಲಿ ಆಯಾ ವಾರದ ಕಥೆ ಮೂಡುತ್ತಿತ್ತು. ಅದನ್ನು ಓದಿ ಹೇಳುವ ಕೆಲಸ ಇಂದುಮತಿಯದು. ಆಟ ಕಟ್ಟಿದವಳೇ ಆಡಿದರೆ ಅದು ಮೋಸ ಎಂದು ದಸ್ತಗೀರ ಮೊದಲೇ ತೀರ್ಪು ಕೊಟ್ಟಿದ್ದ.

ಸುವರ್ಣಾ ಬೀಗ ತೆಗೆಯುವ ನಾಗವ್ವನಾದಳು, ದಸ್ತಗೀರ ನಕಾಶೆ ಬರೆಯುವವನಾದ. ಮುರಿಗೆಪ್ಪ ಎಲ್ಲರಿಗಿಂತ ಮುಂದೆ ನಡೆದು ಕತ್ತಲಲ್ಲಿ ದಾರಿ ತೋರಿಸುವ ದೀಪದ ಮಲ್ಲ. ಮಲ್ಲನ ದಾಳ ಕೆಂಪು. ಮುಷ್ಟಿಯಲ್ಲಿ ಹಿಡಿದು ನಾಲ್ಕು ಸಲ ಕುಲುಕಿ ಚೆಲ್ಲಬೇಕು.

ಇಂದುಮತಿ ಮೊದಲ ಬಾಗಿಲಿನ ಕಥೆ ಓದಿ ಮುಗಿಸಿದಳು. ಮುರಿಗೆಪ್ಪ ಕೆಂಪು ದಾಳಗಳನ್ನು ಎತ್ತಿ ಸೀದಾ ಅವಳ ಕೈಗೆ ಹಾಕಿದ.

"ನೀ ಹಾಕು ಇಂದೂ. ನನ್ನ ಕೈಗುಣ ನಿನಗ ಗೊತ್ತೈತಲ್ಲ."

ಎಲ್ಲರಿಗೂ ಗೊತ್ತಿತ್ತು. ಶಾಲೆಯ ಕಟ್ಟೆಯ ಮೇಲೆ ಪಗಡೆ ಆಡುವಾಗಿನಿಂದ ಮುರಿಗೆಪ್ಪನ ಕವಡೆ ಹಾಕುತ್ತಿದ್ದದ್ದು ಇಂದುಮತಿಯೇ. ಸುಭಾಸ ರಸ್ತೆಯಲ್ಲಿ ಅವನು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ತೆಗೆದಾಗ ಮೊದಲ ಗಾಜು ಕೊಯ್ದವಳು ಅವಳು. ಹೊಸ ಮೋಟರ್‌ಸೈಕಲ್ಲಿನ ಕೀಲಿ ಮೊದಲು ತಿರುವಿದವಳೂ ಅವಳೇ. ಅವಳ ಕೈಗುಣ ಛಲೋ, ಅಷ್ಟೇ. ಅದಕ್ಕಿಂತ ಹೆಚ್ಚಿನ ವಿಚಾರ ಅದರಲ್ಲಿ ಯಾರಿಗೂ ಕಂಡಿರಲಿಲ್ಲ. ಇಂದುಮತಿ ನಾಲ್ಕು ಸಲ ಕುಲುಕಿ ಚೆಲ್ಲಿದಳು. ಎರಡು ಆರು ಬಿದ್ದವು. ಮಲ್ಲ ದೀಪ ಹಿಡಿದು ಒಳಗೆ ಹೋದ, ಮುರಿಗೆಪ್ಪ ತೊಡೆ ತಟ್ಟಿಕೊಂಡು ನಕ್ಕ.

ಆಟ ಮುಗಿದ ಮೇಲೆ ಅವಳು ಪ್ರಯೋಗಶಾಲೆಯ ಫಾರ್ಮು ತುಂಬಿದಳು. ಏಳನೆಯ ಪ್ರಶ್ನೆ: ಪ್ರತಿಯೊಬ್ಬರೂ ತಮ್ಮ ದಾಳವನ್ನು ತಾವೇ ಹಾಕಿದರೇ? ಆ ಪ್ರಶ್ನೆ ಬರೆದವಳೇ ಅವಳು. ಮಿರ್ಚಿ ಕಡಿಯುತ್ತ 'ಹೌದು' ಎಂದು ಗುರುತು ಹಾಕಿದಳು.

ಪ್ರಯೋಗಶಾಲೆ ಇದ್ದದ್ದು ಹಳೆಯ ಹತ್ತಿ ಗಿರಣಿಯ ಕಟ್ಟಡದಲ್ಲಿ. ಅಲ್ಲಿ ಪೆಟ್ಟಿಗೆಯ ಬುದ್ಧಿಗೆ ಎಲ್ಲರೂ 'ಶಾನುಭೋಗ' ಎಂದು ಹೆಸರಿಟ್ಟಿದ್ದರು. ಶಾನುಭೋಗನ ವಿದ್ಯೆ ಕೇಳಲು ಸರಳ. ಇಂಥ ಉದ್ದದ ಆಟಗಳಿಗೆ ಒಂದೇ ರೋಗ: ನಡುವೆ ಯಾರೋ ಒಬ್ಬರು ಬರುವುದು ಬಿಡುತ್ತಾರೆ, ಕಥೆ ಕುಂಟುತ್ತದೆ, ಪೆಟ್ಟಿಗೆ ಅಟ್ಟ ಸೇರುತ್ತದೆ. ಯಾರು ಯಾವಾಗ ಬಿಡುತ್ತಾರೆಂದು ಮೊದಲೇ ತಿಳಿದರೆ ಅಷ್ಟರೊಳಗೆ ಅವರ ಪಾತ್ರಕ್ಕೊಂದು ಒಪ್ಪವಾದ ಕೊನೆ ಬರೆಯಬಹುದು. ಅದಕ್ಕಾಗಿಯೇ ದಾಳದೊಳಗೆ ನಾಡಿ ಹಿಡಿಯುವ ಚುಕ್ಕೆಗಳಿದ್ದವು. ಮುಷ್ಟಿಯ ಬಿಸಿ, ಬೆವರು, ನಡುಕ, ಬೆರಳ ತುದಿಯ ಬಡಿತ ಎಲ್ಲ ಅದಕ್ಕೆ ಸಿಗುತ್ತಿತ್ತು. ಒಂಬತ್ತು ಸಾವಿರ ಗುಂಪುಗಳ ಕೈಗಳನ್ನು ಓದಿ, ಯಾರು ಎಲ್ಲಿ ಎದ್ದು ಹೋದರೆಂದು ನೋಡಿ ನೋಡಿ, ಅದು ತಾನಾಗಿಯೇ ಕಲಿತುಕೊಂಡಿತ್ತು. ಏಕೆ ಹೋಗುತ್ತಾರೆಂಬುದು ಮಾತ್ರ ಅದಕ್ಕೆ ತಿಳಿಯದು.

ಸೋಮವಾರ ಬೆಳಿಗ್ಗೆ ಜೊತೆಗಾರ ಪ್ರಭಂಜನ ಕಟ್ಟಿ ದೊಡ್ಡ ಪರದೆಯ ಮುಂದೆ ನಿಂತು ಅವಳಿಗಾಗಿ ಕಾಯುತ್ತಿದ್ದ. ಯಾರು ಎಷ್ಟನೆಯ ಬಾಗಿಲವರೆಗೆ ಆಡುತ್ತಾರೆಂಬುದು ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗೆರೆಯಾಗಿ ಮೂಡುತ್ತಿತ್ತು. ಅಂಕಿ ಸಂಖ್ಯೆಯಲ್ಲೇ ಬಾಳುವ ಮನುಷ್ಯ. ಇವತ್ತು ಅವನ ಮುಖ ಸಪ್ಪಗಿತ್ತು.

"ಮೇಡಂ, ನಿಮ್ಮ ಗುಂಪಿನಾಗ ಎರಡು ಗೆರಿ ಇಪ್ಪತ್ತರ ತನಕಾ ಹೋಗ್ಯಾವ. ಒಂದು ಆರಕ್ಕ ನಿಂತದ."

"ಬ್ಯಾಸರಾಗಿ ಬಿಡ್ತಾರೇನೋ."

"ಬ್ಯಾಸರಾದವರ ಗೆರಿ ಮ್ಯಾಲ ಕೆಳಗ ಆಗ್ತದರಿ. ಊರು ಬಿಟ್ಟು ಹೋಗೋರದು ಪಟ್ ಅಂತ ಹರೀತದ. ಇದು ಹಂಗಿಲ್ಲ, ಸಣ್ಣಗ ಇಳಕೋತ ಹೋಗೇದ. ಇಂಥಾ ಗೆರಿ ನಮ್ಮ ಕಡೆ ನಲವತ್ತೊಂದು ಇದ್ದುವು. ಹೋದ ತಿಂಗಳ ಎಲ್ಲಾರ ಮನಿಗೂ ಫೋನ್ ಮಾಡಿ ಕೇಳಿದೆ." ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಮೂವತ್ತೆಂಟು ಮಂದಿ ಈಗ ಇಲ್ಲರಿ ಮೇಡಂ."

ಗೆರೆಯ ಮೇಲೆ ಹೆಸರಿತ್ತು: ಮುರಿಗೆಪ್ಪ, ಕೆಂಪು ದಾಳ.

ಆಗ ಅವಳು ಮಾಡಿದ ಮೊದಲ ಕೆಲಸವನ್ನು ಬಹಳ ದಿನ ಯಾರಿಗೂ ಹೇಳಲಿಲ್ಲ. ಪರದೆಯ ಮೇಲೆ ತನ್ನ ಹೆಸರು ಹುಡುಕಿದಳು. ಇರಲಿಲ್ಲ. ಓದುವವರಿಗೆ ದಾಳವಿಲ್ಲ, ದಾಳವಿಲ್ಲದವರಿಗೆ ಗೆರೆಯಿಲ್ಲ. ಒಂದು ಗಳಿಗೆ ಮನಸ್ಸು ಹಗುರಾಯಿತು. ಮುರಿಗೆಪ್ಪ ನೆನಪಾದದ್ದು ಆಮೇಲೆ. ಆಗ ಅಲ್ಲೇ ಕುರ್ಚಿ ಎಳೆದುಕೊಂಡು ಕೂತಳು.

ಹೊರಗೆ ಒಂದು ಮಾತೂ ಹೋಗಬಾರದೆಂದು ಕಂಪನಿಯ ಕಟ್ಟಪ್ಪಣೆ ಇತ್ತು. ನಾವು ಆಟ ಮಾರುವವರು, ಜಾತಕ ಹೇಳುವವರಲ್ಲ ಎಂದಿದ್ದರು ದೊಡ್ಡವರು. ಇಂದುಮತಿ ಅದಕ್ಕೆ ಸಹಿ ಹಾಕಿದ್ದಳು. ಎರಡನೆಯ ಭಾನುವಾರದವರೆಗೆ ಬಾಯಿ ಬಿಗಿಹಿಡಿದಳು. ಆ ದಿನ ಮುರಿಗೆಪ್ಪ ಭಜಿ ತಿನ್ನುವುದನ್ನು, ದಸ್ತಗೀರನ ಬೆನ್ನಿಗೆ ಗುದ್ದಿ ನಗುವುದನ್ನು ನೋಡುತ್ತ ಕೂತಳು. ಅವನು ದಾಳ ಚಾಚಿದಾಗ ಎಂದಿನಂತೆ ಇಸಿದುಕೊಂಡು ಅವನ ಪರವಾಗಿ ಹಾಕಿದಳು. ಸೋಮವಾರ ಗೆರೆ ಮತ್ತೆ ಆರಕ್ಕೇ ನಿಂತಿತ್ತು.

ಬುಧವಾರ ಅವಳಿಗೆ ತಡೆಯಲಾಗಲಿಲ್ಲ. ಅಂಗಡಿಗೆ ಹೋದಳು. ರಸ್ತೆಯಿಂದ ಮೂರೇ ಮೆಟ್ಟಿಲು. ಹತ್ತುವುದರಲ್ಲಿ ಏದುಸಿರು ಬಂತು. ಸಂಕಟಕ್ಕೆ ಹೀಗಾಗುತ್ತಿದೆ ಎಂದುಕೊಂಡು ಸ್ಟೂಲಿನ ಮೇಲೆ ಕೂತಳು. ಗೋಡೆಯ ತುಂಬ ದೇವರು, ಮದುಮಕ್ಕಳು, ಊರಿನ ತೀರಿಹೋದ ಹಿರಿಯರು. ಮುರಿಗೆಪ್ಪ ಗಾಜು ಒರೆಸುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳುತ್ತ ಅದೇ ಗಾಜನ್ನು ಒರೆಸುತ್ತಲೇ ಇದ್ದ.

"ಯಾವ ಬಾಗಲ ಅಂದಿ?"

"ಆರನೇದು."

"ಎರಡು ಮುಗದಾವು." ಅವನು ಗಾಜನ್ನು ಕೆಳಗಿಟ್ಟ. "ಸುವರ್ಣಾಗ ಹೇಳಬ್ಯಾಡ."

"ಇವತ್ತ ಹುಬ್ಬಳ್ಳಿಗೆ ಹೋಗೋಣ ನಡಿ. ಮೊದಲ ಗೊತ್ತಾತಂದ್ರ ಔಷಧ ಇರ್ತದ. ಅದಕ್ಕ ಹೇಳೇನಿ ನಿನಗ, ಸುಮ್ಮನ ಹೆದರಸ್ಲಿಕ್ಕೆ ಅಲ್ಲ."

ಹುಬ್ಬಳ್ಳಿಯಲ್ಲಿ ರಕ್ತ ತೆಗೆದರು, ಎದೆಯ ಇಸಿಜಿ ಪಟ್ಟಿ ತೆಗೆದರು, ಕೊಳವೆಯಂಥ ಯಂತ್ರದೊಳಗೆ ಮಲಗಿಸಿದರು. ಎರಡು ದಿನದ ಮೇಲೆ ಡಾಕ್ಟರು ಕಾಗದಗಳನ್ನು ಮಡಚಿಕೊಟ್ಟು, ನಿಮ್ಮ ಹೃದಯ ಕುದುರೆಯ ಹೃದಯದಂತೆ ಗಟ್ಟಿಯಾಗಿದೆ, ಸುಮ್ಮನೆ ಮನೆಗೆ ಹೋಗಿ ಎಂದರು. ಮುರಿಗೆಪ್ಪ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಾಡು ಗುನುಗಿದ. ಆದರೆ ಮೂರನೆಯ ಭಾನುವಾರದ ಆಟವಾಗಿ ಸೋಮವಾರ ನೋಡಿದರೆ ಗೆರೆ ಆರರಿಂದ ಕದಲಿರಲಿಲ್ಲ. ಇಂದುಮತಿಯ ದನಿ ಕೇಳಿಯೇ ಅವನಿಗೆ ಫೋನಿನಲ್ಲಿ ಎಲ್ಲ ತಿಳಿಯಿತು.

"ಡಾಕ್ಟರ್ ಒಬ್ಬರ ಕೈ ನೋಡ್ಯಾರ, ನಿನ್ನ ಶಾನುಭೋಗ ಒಂಬತ್ತ ಸಾವಿರ ಗುಂಪಿನ ಕೈ ನೋಡ್ಯಾನ," ಎಂದ ಮುರಿಗೆಪ್ಪ. "ನಾ ಯಾರನ್ನ ನಂಬಲಿ?"

ಅಲ್ಲಿಂದ ಅವನು ಇಳಿದುಹೋದ. ಮಿರ್ಚಿ ಬಿಟ್ಟ, ಮೋಟರ್‌ಸೈಕಲ್ ಬಿಟ್ಟ. ಮೆಟ್ಟಿಲನ್ನು ಒಂದೊಂದೇ ಎಣಿಸಿ ಹತ್ತತೊಡಗಿದ. ಸುವರ್ಣಾ ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದ. ಆಟ ಬಿಟ್ಟುಬಿಡೋಣ ಎಂದು ಇಂದುಮತಿ ಕೈಮುಗಿದು ಕೇಳಿಕೊಂಡರೂ ಒಪ್ಪಲಿಲ್ಲ. "ಬಿಟ್ರ ಬದುಕ್ತೀನೇನು? ಆರನೇ ಬಾಗಲದಾಗ ಏನೈತಿ ನೋಡೇಬಿಡ್ತೀನಿ," ಎಂದ. ಕೆಂಪು ದಾಳವನ್ನಂತೂ ಈಗ ಮುಟ್ಟಲೇ ಒಲ್ಲ. ನಾಲ್ಕನೆಯ ಭಾನುವಾರ ಅದನ್ನು ಕಾಗದದ ಮೇಲಿಟ್ಟು ಅವಳ ಕಡೆ ಸರಿಸಿದ.

ಇಂದುಮತಿಗೂ ದಿನಗಳು ನೆಟ್ಟಗಿರಲಿಲ್ಲ. ಊಟ ಸೇರದು, ಪಾದ ಬಾತು ಚಪ್ಪಲಿ ಬಿಗಿಯಾಗುತ್ತಿತ್ತು, ಬಟ್ಟೆ ಒಣಹಾಕಿ ಬಂದರೆ ಅರ್ಧ ಗಂಟೆ ಕೂಡಬೇಕಾಗುತ್ತಿತ್ತು. ಒಂಟಿ ಮನೆಯಲ್ಲಿ ಕೇಳುವವರಾರು? ಗೆಳೆಯನೊಬ್ಬ ಕಣ್ಣೆದುರು ಸಾಯುತ್ತಿರುವಾಗ ತನ್ನ ಚಪ್ಪಲಿಯ ಚಿಂತೆ ಮಾಡುವುದಕ್ಕೆ ಅವಳಿಗೆ ನಾಚಿಕೆಯಾಯಿತು.

ಐದನೆಯ ಭಾನುವಾರ ಬಾಗಿಲು ತೆಗೆದ ಸುವರ್ಣಾ ಬಾ ಎನ್ನಲಿಲ್ಲ. ಅವಳ ಕೈಯಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಕಟ್ಟು ಇತ್ತು. ಅಂಗಡಿಯಲ್ಲಿ ಸಿಕ್ಕಿತ್ತು. ಒಳ್ಳೆಯ ತೇಗದ ಅಂಚಿನ ಕಟ್ಟು, ಒಳಗೆ ತಂಗಿಯ ಮಗಳ ಮದುವೆಯಲ್ಲಿ ರುಮಾಲು ಸುತ್ತಿ ನಕ್ಕ ಮುರಿಗೆಪ್ಪನ ಫೋಟೋ. ಹಾರ ಹಾಕಲು ಎರಡು ಮೊಳೆಯನ್ನೂ ಅವನೇ ಬಡಿದಿಟ್ಟಿದ್ದ.

"ಇವರು ಎಲ್ಲಾ ಹೇಳಿದ್ರು," ಎಂದಳು ಸುವರ್ಣಾ. "ಅಕ್ಕ ಅಂತ ಬಾಯಿ ತುಂಬ ಕರದಿದ್ದಕ್ಕ ಇದನ್ನ ಮಾಡಿದ್ಯಲ್ಲ ನೀ. ಗಟ್ಟಿ ಮನಷ್ಯಾ ನನ್ನ ಗಂಡ. ಒಂದು ಪೆಟಗಿ ತಂದಿಟ್ಟು, ಜೀವಂತ ಇದ್ದಾಗ ಹೆಣಾ ಮಾಡಿ ಕುಂದರಿಸಿದಿ."

ಏನು ನಡೆದಿದೆಯೆಂದೇ ತಿಳಿಯದ ದಸ್ತಗೀರ, "ಏನಾತ್ರಿ ವೈನಿ?" ಎಂದು ಬಂದವನು ಫೋಟೋ ನೋಡಿ ಅಲ್ಲೇ ನಿಂತ. ಯಾರೂ ಆಡುವ ಮನಸ್ಸಿನಲ್ಲಿರಲಿಲ್ಲ. ಮುರಿಗೆಪ್ಪನೇ ಚಾಪೆ ಹಾಸಿದ. ಇಂದುಮತಿ ಓದಿದಳು. ಮಲ್ಲನ ಸರದಿ ಬಂದು, ದಾಳವಿದ್ದ ಕಾಗದ ಅವಳ ಕಡೆ ಸರಿಯುತ್ತಿದ್ದಂತೆ ಸುವರ್ಣಾ ಅದರ ಮೇಲೆ ಕೈಯಿಟ್ಟಳು.

"ಇವತ್ತ ಇಕಿ ಕೈ ಬ್ಯಾಡ. ನೀವ ಹಾಕ್ರಿ. ಗಂಡಸಾಗಿ ಒಂದು ದಾಳ ಎತ್ತೂ ಧೈರ್ಯ ಇಲ್ಲೇನು?"

ಮುರಿಗೆಪ್ಪ ಹೆಂಡತಿಯ ಮುಖ ನೋಡಿದ. ದಾಳ ಎತ್ತಿ, ಕಣ್ಣು ಮುಚ್ಚಿ, ನಾಲ್ಕು ಸಲ ಕುಲುಕಿ ಚೆಲ್ಲಿದ. ಒಂದು, ಎರಡು. ಕೋಟೆಯೊಳಗೆ ಕಲ್ಲು ಕುಸಿದು ಮಲ್ಲನ ಕಾಲು ಮುರಿಯಿತು.

"ನೋಡಿದ್ಯಾ ನನ್ನ ಕೈಗುಣಾ?" ಎಂದು ನಕ್ಕ.

ಸೋಮವಾರ ಪ್ರಭಂಜನ ಪರದೆಯ ಮುಂದೆ ಗಲ್ಲ ಕೆರೆದುಕೊಳ್ಳುತ್ತ ನಿಂತಿದ್ದ. ಕೆಂಪು ಗೆರೆ ಹಾಗೆಯೇ ಇಳಿಯುತ್ತ ಬಂದಿತ್ತು. ಅದರಿಂದ ದೂರ, ಬಹಳ ಮೇಲೆ, ಒಂದೇ ಒಂದು ಚುಕ್ಕೆ ಮಿನುಗುತ್ತಿತ್ತು.

"ನಿನ್ನೆ ನಿಮ್ಮ ಕಡೆ ಏನರೆ ಗಡಬಡ ಆತೇನ್ರಿ ಮೇಡಂ? ಕೆಂಪು ದಾಳ ಒಂದ ಸಲ ಯಾರೋ ಬ್ಯಾರೆಯವರು ಹಾಕ್ಯಾರ. ಆರೋಗ್ಯವಂತರು, ಬಿಸಿ ಕೈ. ಆ ಚುಕ್ಕಿ ಸೀದಾ ಇಪ್ಪತ್ತಕ್ಕ ಹೋಗೇದ. ಅದೊಂದನ್ನ ಅಳಿಸಿಬಿಡ್ಲೇನ್ರಿ?"

"ಬ್ಯಾರೆಯವರಲ್ಲ," ಎಂದಳು ಇಂದುಮತಿ. "ಅದೊಂದ ಮುರಿಗೆಪ್ಪಂದು."

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ಅದೊಂದೇ ಮುರಿಗೆಪ್ಪನದು. ಉಳಿದವೆಲ್ಲ, ಮೊದಲ ಭಾನುವಾರದ ಎರಡು ಆರರಿಂದ ಹಿಡಿದು, ಅವಳ ಮುಷ್ಟಿಯಿಂದ ಬಿದ್ದವು. ಒಂಬತ್ತು ವರ್ಷ ದಾಳದೊಳಗೆ ನಾಡಿ ಕೂರಿಸಿದವಳಿಗೆ, ಏಳನೆಯ ಪ್ರಶ್ನೆ ಬರೆದವಳಿಗೆ, ಅದು ಹೊಳೆದೇ ಇರಲಿಲ್ಲ. ಮುರಿಗೆಪ್ಪನ ದಾಳ ತಾನು ಹಾಕುವುದು ಅವಳ ಲೆಕ್ಕದಲ್ಲಿ ಬೇರೆಯವರು ಹಾಕಿದಂತೆ ಆಗಿರಲೇ ಇಲ್ಲ. ಪ್ರಭಂಜನ ಏನೋ ಕೇಳುತ್ತಿದ್ದ. ಅವಳು ತನ್ನ ಬಲಗೈಯನ್ನು ಮೇಜಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಬೆರಳುಗಳು ತಣ್ಣಗಿದ್ದವು. ಎಷ್ಟು ದಿನದಿಂದ ತಣ್ಣಗಿದ್ದವೋ ನೆನಪಾಗಲಿಲ್ಲ.

ಅದೇ ಹುಬ್ಬಳ್ಳಿ, ಅದೇ ಡಾಕ್ಟರು. ಈ ಸಲ ಅವರು ಕಾಗದ ಮಡಚಲಿಲ್ಲ. ಹೃದಯದ ಸ್ನಾಯು ಸೋತುಹೋಗಿದೆ, ಐದರಲ್ಲಿ ಒಂದು ಪಾಲು ಕೆಲಸ ಮಾತ್ರ ಮಾಡುತ್ತಿದೆ ಎಂದರು. ಒಂದು ತಿಂಗಳ ಹಿಂದೆ ಬಂದಿದ್ದರೆ ಔಷಧದಲ್ಲೇ ಹಿಡಿಯಬಹುದಿತ್ತು. ಆಮೇಲೆ ಅವಳ ಮುಖ ಗುರುತು ಹಿಡಿದು, "ಹೋದ ತಿಂಗಳು ನಿಮ್ಮ ಗೆಳೆಯರನ್ನು ಕರೆದುಕೊಂಡು ನೀವೇ ಬಂದಿದ್ದಿರಲ್ಲವೇ?" ಎಂದು ಕೇಳಿದರು. ಹೌದು, ಬಂದಿದ್ದಳು. ಮುರಿಗೆಪ್ಪನನ್ನು ಯಂತ್ರದೊಳಗೆ ಮಲಗಿಸಿದಾಗ ಹೊರಗಿನ ಬೆಂಚಿನ ಮೇಲೆ ಎರಡು ತಾಸು ಕೂತಿದ್ದಳು. ಪಕ್ಕದ ಕೋಣೆಯಲ್ಲೇ ಎದೆಯ ಪಟ್ಟಿ ತೆಗೆಯುತ್ತಿದ್ದರು. ಇಂದೇ ದಾಖಲಾಗಿ ಎಂದರೆ ಭಾನುವಾರ ಸಂಜೆ ಬರುತ್ತೇನೆಂದು ಬರೆದುಕೊಟ್ಟು ಎದ್ದಳು.

ಆರನೆಯ ಭಾನುವಾರ ಮಧ್ಯಾಹ್ನ ಮೂವರನ್ನೂ ಚಾಪೆಯ ಮೇಲೆ ಕೂರಿಸಿ ಹೇಳಿದಳು. ಯಾರ ದಾಳ, ಯಾರ ಕೈ, ಡಾಕ್ಟರು ಏನೆಂದರು, ಎಲ್ಲವನ್ನೂ ಸರಳವಾಗಿ, ಹೊಸ ಆಟದ ನಿಯಮ ತಿಳಿಸುವಂತೆ ಹೇಳಿದಳು. ಹೇಳುವಾಗ ಮುರಿಗೆಪ್ಪನ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಮೊದಲು ಬಂದದ್ದು ಸಂತೋಷ. ಸುಳ್ಳಲ್ಲ. ಮೂರು ವಾರದಿಂದ ಬಾಡಿದ್ದ ಮನುಷ್ಯ ನೀರು ಕಂಡವನಂತೆ ಒಮ್ಮೆ ಅರಳಿದ. ಮರುಕ್ಷಣ ಅದು ಅವನಿಗೇ ತಿಳಿಯಿತು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿದ.

ಸುವರ್ಣಾ ಇಂದುಮತಿಯ ತಣ್ಣನೆಯ ಕೈಯನ್ನು ತನ್ನ ಎರಡು ಕೈಗಳ ನಡುವೆ ಹಿಡಿದಳು. "ಅಕ್ಕಾ, ನಾ ಅವತ್ತ ಏನೇನೋ ಅಂದೆ."

"ನೀ ಅಂದದ್ದಕ್ಕ ಗೊತ್ತಾತು. ಇಲ್ಲಾಂದ್ರ ಇವತ್ತೂ ನಾನ ಹಾಕ್ತಿದ್ದೆ."

ದಸ್ತಗೀರ ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತ. "ಈಗ ನಡಿ ದವಾಖಾನಿಗೆ. ಆಟ ಗೀಟ ಸುಡು ಅತ್ಲಾಗ," ಎಂದ. ಮಾಸ್ತರನ ದನಿ ಅವನಿಗೆ ಬರಲಿಲ್ಲ.

"ಸಂಜಿಗೆ ಹೋಗೂದೈತಲ್ಲ. ಒಂದು ತಾಸಿನ ಆಟ," ಎಂದಳು ಇಂದುಮತಿ.

ಮುರಿಗೆಪ್ಪ ಮುಖದಿಂದ ಕೈ ತೆಗೆಯದೆ ಹೇಳಿದ: "ಇಂದೂ, ನನಗ ಮೊದಲ ಖುಷಿ ಆತು. ನಿನ್ನ ಸುದ್ದಿ ಕೇಳಿ ನನಗ ಖುಷಿ ಆತು."

"ಕಂಡೆ."

"ನಾ ಎಂಥಾ ಮನಷ್ಯಾ..."

"ಅವತ್ತ ಸೋಮವಾರ ನಿನ್ನ ಗೆರಿ ನೋಡಿದಾಗ ನಾ ಮೊದಲ ಹುಡುಕಿದ್ದು ನನ್ನ ಹೆಸರು," ಎಂದಳು ಇಂದುಮತಿ. "ಸಿಗಲಿಲ್ಲ. ನನಗೂ ಖುಷಿ ಆಗಿತ್ತೋ ಮುರಿಗೆಪ್ಪಾ. ನಿನ್ನ ಸಲುವಾಗಿ ಅತ್ತದ್ದು ಆಮ್ಯಾಲ."

ಪೇಪರಿನಲ್ಲಿ ಸುತ್ತಿದ ಕಟ್ಟು ಇನ್ನೂ ಗೋಡೆಗೆ ಒರಗಿಕೊಂಡೇ ಇತ್ತು. ಇಂದುಮತಿಯ ಕಣ್ಣು ಅದರ ಮೇಲೆ ಬಿತ್ತು.

"ತೇಗದ ಕಟ್ಟಿಗಿ ಛಲೋ ಅದ. ಒಳಗಿನ ಫೋಟೋ ತಗದು ಕಪಾಟಿನಾಗ ಇಟಗೋ. ಕಟ್ಟು ನನಗ ಇರಲಿ."

"ಸುಮ್ಮನಿರ ನೀ," ಎಂದು ಮುರಿಗೆಪ್ಪ ಗದರಿದ. ಆದರೆ ಬೇಡ ಎನ್ನಲಿಲ್ಲ.

ಅವಳು ಕಥೆಯ ಹಲಗೆಯನ್ನು ಸುವರ್ಣಾಳ ಕೈಗೆ ಕೊಟ್ಟು, ಓದುವವರ ಜಾಗದಿಂದ ಎದ್ದಳು. ಮುರಿಗೆಪ್ಪ ಸರಿದು ಜಾಗ ಮಾಡಿಕೊಟ್ಟ. ಅವಳು ದೀಪದ ಮಲ್ಲನ ಜಾಗಕ್ಕೆ ಬಂದು ಕೂತಳು. ಐದು ವಾರದಿಂದ ಅದು ಅವಳದೇ ಜಾಗವಾಗಿತ್ತು.

ಸುವರ್ಣಾ ಓದತೊಡಗಿದಳು. ಶಾನುಭೋಗ ಬರೆದ ಕೊನೆ ಒಪ್ಪವಾಗಿತ್ತು. ಅದರ ಕೆಲಸವೇ ಅದು. ಕಾಲು ಮುರಿದ ಮಲ್ಲ ಆರನೆಯ ಬಾಗಿಲಿನ ಹೊಸ್ತಿಲಲ್ಲಿ ಕೂತುಬಿಡುತ್ತಾನೆ. ದೀಪವನ್ನು ನಾಗವ್ವನ ಕೈಗೆ ಕೊಟ್ಟು, ನೀವು ಮುಂದೆ ಹೋಗಿ ಎನ್ನುತ್ತಾನೆ. ನಾಗವ್ವ, ನಕಾಶೆಯವನು ಇಬ್ಬರೂ ಒಳಗೆ ಹೋಗುವವರೆಗೆ ಬಾಗಿಲು ಮುಚ್ಚದಂತೆ ಹಿಡಿಯಬಲ್ಲನೇ ಇಲ್ಲವೇ ಎಂಬುದಷ್ಟೇ ದಾಳದ ಮೇಲಿತ್ತು. ಹಿಡಿದರೂ ಮಲ್ಲ ಹೊರಗೇ ಉಳಿಯುತ್ತಾನೆ.

ಮುರಿಗೆಪ್ಪ ಕೆಂಪು ದಾಳಗಳನ್ನು ಎತ್ತಿ ಅವಳ ಅಂಗೈಗೆ ಹಾಕಿದ. ಅವನ ಬೆರಳುಗಳು ಬೆಚ್ಚಗಿದ್ದವು. "ನಿನ್ನ ಕೈಗುಣ ಛಲೋ ಐತಿ. ಹಾಕು," ಎಂದ.

ಇಂದುಮತಿ ಮುಷ್ಟಿ ಕಟ್ಟಿದಳು. ನಾಲ್ಕು ಸಲ ಕುಲುಕಿದರೆ ಸಾಕಿತ್ತು. ಐದು, ಆರು, ಏಳು ಸಲ ಕುಲುಕಿದಳು. ಮೂವರೂ ಆ ಮುಷ್ಟಿಯನ್ನೇ ನೋಡುತ್ತಿದ್ದರು. ಸಾಕು ಎಂದು ಯಾರೂ ಹೇಳಲಿಲ್ಲ.